ಇಂಟರ್ನ್‌ಶಿಪ್ ಸಂದರ್ಶನದಲ್ಲಿ ಫೋನ್ ನಂಬರ್‌ಗಳ ಪಟ್ಟಿ ಕೇಳಿದರೆ ಕೊಡಬೇಡಿ

ಬ್ಯಾಂಕಿನ ಇಂಟರ್ನ್‌ಶಿಪ್‌ಗೆ ಸಂದರ್ಶನಕ್ಕೆ ಹೊರಟಿರುವವರು ದಯವಿಟ್ಟು ಇದನ್ನು ಓದಿ. ಬ್ಯಾಂಕಿನ ಹೆಸರು ಬರೆಯುವುದಿಲ್ಲ. ನನಗೆ ಆದದ್ದು ನಿಮಗೆ ಆಗದಿದ್ದರೆ ಸಾಕು.

ಜಾಹೀರಾತಿನಲ್ಲಿ ಇದ್ದದ್ದು ಸಾಲ ವಿಭಾಗದ ಕೆಲಸ. ಸಾಲ ಕೇಳಿ ಬಂದ ಕಂಪನಿಯ ಲೆಕ್ಕಪತ್ರ ಓದುವುದು, ತೀರಿಸುವ ಶಕ್ತಿ ಅದಕ್ಕಿದೆಯಾ ನೋಡುವುದು. ನನಗೆ ಕಲಿಯಬೇಕಾಗಿದ್ದೂ ಅದೇ, ಹಾಗಾಗಿ ಎರಡು ವಾರ ಬೇರೆಲ್ಲ ಬಿಟ್ಟು ಬ್ಯಾಲೆನ್ಸ್ ಶೀಟ್ (ಕಂಪನಿಯ ಆಸ್ತಿ, ಸಾಲ, ಬಂಡವಾಳದ ಪಟ್ಟಿ), ಲಾಭ-ನಷ್ಟದ ಲೆಕ್ಕ, ಕ್ಯಾಶ್ ಫ್ಲೋ (ನಗದು ಬಂದು ಹೋದ ಲೆಕ್ಕ) ಮೂರೂ ಒಂದಕ್ಕೊಂದು ಹೇಗೆ ಸೇರುತ್ತವೆ ಅಂತ ಓದಿದೆ. ಮೊದಲ ಸುತ್ತು ವಿಡಿಯೋ ಕರೆಯಲ್ಲಿ. ಸವಕಳಿ, ಅಂದರೆ ಯಂತ್ರ, ಕಟ್ಟಡ ಹಳೆಯದಾದಂತೆ ಲೆಕ್ಕದಲ್ಲಿ ಖರ್ಚಾಗಿ ತೋರಿಸುವ ಬೆಲೆ ಇಳಿಕೆ, 10 ರೂಪಾಯಿ ಹೆಚ್ಚಾದರೆ ಏನಾಗುತ್ತದೆ ಅಂತ ಕೇಳಿದರು. ತೆರಿಗೆ ಶೇ. 25 ಅಂದುಕೊಂಡರೆ ಲಾಭ 7.5 ಇಳಿಯುತ್ತದೆ, ಆದರೆ ಸವಕಳಿಗೆ ಕೈಯಿಂದ ಹಣ ಹೋಗಿರುವುದಿಲ್ಲ, ತೆರಿಗೆ ಉಳಿದದ್ದರಿಂದ ನಗದು 2.5 ಜಾಸ್ತಿಯಾಗುತ್ತದೆ ಅಂತ ಹೇಳಿದೆ. ಸರಿ ಅಂದರು. ತುಂಬಾ ಖುಷಿಯಾಗಿತ್ತು.

ಎರಡನೇ ಸುತ್ತಿಗೆ ಕಚೇರಿಗೆ ಕರೆದರು. ಅಲ್ಲಿ ಸಾಲದ ಬಗ್ಗೆ ಒಂದೂ ಪ್ರಶ್ನೆ ಬರಲಿಲ್ಲ. "ನಿಮ್ಮ ಪರಿಚಯದವರಲ್ಲಿ ಸಂಬಳ ತಗೊಳ್ಳೋರು ಎಷ್ಟು ಜನ ಇದ್ದಾರೆ?" ಅಂತ ಶುರು ಮಾಡಿ, ಒಂದು ಹಾಳೆ ಮುಂದಿಟ್ಟರು. 30 ಸಾಲು. ಹೆಸರು, ಫೋನ್ ನಂಬರ್, ಕೆಲಸ, ಅಂದಾಜು ಆದಾಯ, ಅವರು ನನಗೆ ಏನಾಗಬೇಕು. "ನಿಮಗೆ ಎಷ್ಟು ಜನ ಗೊತ್ತು ಅಂತ ನೋಡೋಕೆ ಮಾತ್ರ, ಯಾರಿಗೂ ಫೋನ್ ಮಾಡಲ್ಲ" ಅಂದರು. ನನ್ನ ಕೆಲಸ ಏನು ಅಂತ ಕೇಳಿದರೆ "ಸೇರಿದ ಮೇಲೆ ಗೊತ್ತಾಗುತ್ತೆ." ಸ್ಟೈಪೆಂಡ್ ಎಷ್ಟು ಅಂದರೆ "ನೀವು ಎಷ್ಟು ಖಾತೆ ತರ್ತೀರಿ ಅನ್ನೋದರ ಮೇಲೆ." ಆಗಲೇ ಎದ್ದು ಬರಬೇಕಿತ್ತು. ಆದರೆ ಎದುರಿಗೆ ಕೂತವರಿಗೆ ಇಲ್ಲ ಅನ್ನುವುದು ಆ ಹೊತ್ತಿಗೆ ಎಷ್ಟು ಕಷ್ಟ ಅಂತ ಹೋದವರಿಗೆ ಗೊತ್ತು ಅಲ್ವಾ. 18 ಹೆಸರು ಬರೆದುಕೊಟ್ಟೆ.

ಮೂರೇ ದಿನಕ್ಕೆ ಚಿಕ್ಕಮ್ಮ ಫೋನ್ ಮಾಡಿದರು. "ಬ್ಯಾಂಕಿಗೆ ಸೇರಿದೀಯಂತೆ, ನಾನು ಕಾರ್ಡ್ ತಗೊಂಡ್ರೆ ನಿನ್ನ ಕೆಲಸ ಗಟ್ಟಿಯಾಗುತ್ತಂತೆ, ಹೌದಾ?" ನನ್ನನ್ನು ಆಯ್ಕೆಯೇ ಮಾಡಿರಲಿಲ್ಲ! ನನ್ನ ಹೆಸರು ಹೇಳಿ ಒಬ್ಬರಿಗೆ ಕಾರ್ಡ್, ಇನ್ನೊಬ್ಬರಿಗೆ ವಿಮೆ. ಪಟ್ಟಿಯಲ್ಲಿದ್ದ ಸ್ನೇಹಿತೆಯ ತಂದೆ ಆಗಷ್ಟೇ ಕೆಲಸ ಕಳೆದುಕೊಂಡಿದ್ದರು, ಅವರಿಗೆ ಒಂದೇ ದಿನ ನಾಲ್ಕು ಸಲ ಕರೆ ಹೋಗಿದೆ. ಅದು ನನಗೆ ಈಗಲೂ ಸಂಕಟ. 18 ಜನಕ್ಕೂ ಒಬ್ಬೊಬ್ಬರಿಗೇ ಫೋನ್ ಮಾಡಿ ಕ್ಷಮೆ ಕೇಳಿದೆ. ಸಂದರ್ಶನ ಮಾಡಿದವರಿಗೆ ಎರಡು ಮೇಲ್ ಹಾಕಿದರೂ ಉತ್ತರವಿಲ್ಲ. ಕೊನೆಗೆ ಬ್ಯಾಂಕಿನ ದೂರು ವಿಭಾಗಕ್ಕೆ ಬರೆದು, ಈ ನಂಬರ್‌ಗಳನ್ನು ಅಳಿಸಿ ಅಂತ ಕೇಳಿದ ಮೇಲೆ ಕರೆ ನಿಂತವು. ಫಲಿತಾಂಶ ಮಾತ್ರ ಇವತ್ತಿಗೂ ಬಂದಿಲ್ಲ.

ನಿಮ್ಮ ಬಗ್ಗೆ ವಿಚಾರಿಸಲು ಒಬ್ಬಿಬ್ಬರು ಮೇಷ್ಟ್ರ ಅಥವಾ ಹಿಂದೆ ಕೆಲಸ ಮಾಡಿದ ಕಡೆಯವರ ನಂಬರ್ ಕೇಳುವುದು ಸಹಜ. ಅದನ್ನೂ ಅವರಿಗೆ ಮೊದಲೇ ಹೇಳಿ ಕೊಡಿ. ಬಂಧುಗಳ ಆದಾಯ ಕೇಳುವುದು ಸಂದರ್ಶನವೇ ಅಲ್ಲ, ಅದು ಗಿರಾಕಿ ಹುಡುಕುವ ಕೆಲಸ. "ಅವರ ಒಪ್ಪಿಗೆ ಇಲ್ಲದೆ ಕೊಡೋಕಾಗಲ್ಲ" ಅಂದರೆ ಸಾಕು, ಬೇರೇನೂ ವಿವರಿಸಬೇಕಿಲ್ಲ. ಹೋಗುವ ಮೊದಲೇ ಮೇಲ್‌ನಲ್ಲಿ ಕೇಳಿ: ಯಾರ ಕೈಕೆಳಗೆ ಕೆಲಸ, ಮೊದಲ ವಾರ ಏನು ಮಾಡಿಸುತ್ತೀರಿ, ಟಾರ್ಗೆಟ್ ಇದೆಯಾ. ಮಾರಾಟದ ಕೆಲಸ ತಪ್ಪಲ್ಲ, ಅದನ್ನೇ ಬಯಸುವವರೂ ಇದ್ದಾರೆ. ಆದರೆ ಜಾಹೀರಾತಿನಲ್ಲೇ ಹಾಗಂತ ಬರೆದಿರಬೇಕು.

ಈಗಾಗಲೇ ಇಂಥ ಪಟ್ಟಿ ಕೊಟ್ಟು ಬಂದಿದ್ದರೆ ಸುಮ್ನೆ ಕೂರಬೇಡಿ. ಅದರಲ್ಲಿರುವವರಿಗೆ ಇವತ್ತೇ ಫೋನ್ ಮಾಡಿ ಹೇಳಿ, ಬ್ಯಾಂಕಿನವರ ಕರೆ ಹೋಗುವ ಮೊದಲು.