ಶಾಸಕರ ಪತ್ರ ಕೊಡಿಸುತ್ತೇನೆ ಎಂದವರ ಕೈಗೆ ಆಸ್ಪತ್ರೆಯ ಮೂಲ ಬಿಲ್ಲು ಕೊಡಬೇಡಿ

ಶಾಸಕರ ಜನಸಂಪರ್ಕ ಕಚೇರಿಗೆ ಅರ್ಜಿ ಹಿಡಿದು ಹೋಗುವವರು, ಅದರಲ್ಲೂ ಆಸ್ಪತ್ರೆ ಖರ್ಚಿಗೆ ನೆರವು ಕೇಳಲು ಹೋಗುವವರು, ದಯವಿಟ್ಟು ಇದನ್ನು ಪೂರ್ತಿ ಓದಿ. ಊರು, ಹೆಸರು, ಪಕ್ಷ ಯಾವುದನ್ನೂ ಬರೆಯುತ್ತಿಲ್ಲ. ಈ ಮೋಸಕ್ಕೆ ಪಕ್ಷಭೇದವಿಲ್ಲ.

ನಡೆದದ್ದು ಇಷ್ಟು. ಕೂಲಿ ಮಾಡಿ ಬದುಕುವ ಬಿಪಿಎಲ್ ಕುಟುಂಬ. ಮನೆಯ ಯಜಮಾನರಿಗೆ ಹೃದಯದ ಶಸ್ತ್ರಚಿಕಿತ್ಸೆ ಆಯಿತು. ಒಡವೆ ಅಡವಿಟ್ಟು, ಕೈಸಾಲ ಮಾಡಿ ಖಾಸಗಿ ಆಸ್ಪತ್ರೆಗೆ ಹಣ ಕಟ್ಟಿದರು. ಮುಖ್ಯಮಂತ್ರಿಗಳ ಪರಿಹಾರ ನಿಧಿಯಿಂದ ನೆರವು ಸಿಗಬಹುದು, ಶಾಸಕರ ಪತ್ರ ಮಾಡಿಸಿಕೊಳ್ಳಿ ಎಂದು ಯಾರೋ ಹೇಳಿದ್ದನ್ನು ನಂಬಿ ಕಚೇರಿಗೆ ಹೋದರು. ಒಳಗೆ ಹೋಗುವ ಮೊದಲೇ ಬಾಗಿಲಲ್ಲಿ ಒಬ್ಬ ಸಿಕ್ಕಿದ. ಅವನು ಅಲ್ಲಿನ ಸಿಬ್ಬಂದಿಯಲ್ಲ, ಆದರೆ ಎಲ್ಲರನ್ನೂ ಹೆಸರು ಹಿಡಿದು ಮಾತಾಡಿಸುತ್ತಿದ್ದ. ಮೂಲ ಬಿಲ್ಲು, ಡಿಸ್ಚಾರ್ಜ್ ಸಮ್ಮರಿ, ಪಡಿತರ ಚೀಟಿ, ಪಾಸ್‌ಬುಕ್ಕು, ಸಹಿ ಹಾಕಿದ ಖಾಲಿ ಹಾಳೆಗಳು ಎಲ್ಲವನ್ನೂ ತೆಗೆದುಕೊಂಡ. 'ಫೈಲ್ ಖರ್ಚು' ಎಂದು ಮುಂಗಡ ಇಸಿದುಕೊಂಡ. ಹಣ ಬಂದ ಮೇಲೆ ಅದರಲ್ಲೊಂದು ಪಾಲು ಕೊಡಬೇಕೆಂದೂ ಮಾತಾಯಿತು. ವಾರದೊಳಗೆ ಶಾಸಕರ ಲೆಟರ್‌ಹೆಡ್ಡಿನಲ್ಲಿ ಟೈಪಾದ ಪತ್ರದ ಫೋಟೋ ವಾಟ್ಸಾಪಿಗೆ ಬಂತು. ಆಮೇಲೆ ಏನೂ ಇಲ್ಲ. ತಿಂಗಳುಗಳು ಕಳೆದ ಮೇಲೆ ವಿಚಾರಿಸಿದರೆ ಆ ರೋಗಿಯ ಹೆಸರಿನಲ್ಲಿ ಅರ್ಜಿಯೇ ಸಲ್ಲಿಕೆಯಾಗಿರಲಿಲ್ಲ. ಪತ್ರದ ಮೇಲಿದ್ದ ಸಂಖ್ಯೆ, ಕಚೇರಿಯಿಂದ ಹೊರಗೆ ಹೋಗುವ ಪತ್ರಗಳನ್ನು ಬರೆದಿಡುವ ರವಾನೆ ಪುಸ್ತಕದಲ್ಲಿ ಇನ್ಯಾರದೋ ಪತ್ರದ್ದು. ಹಣ ಹೋದದ್ದಕ್ಕಿಂತ ಮೂಲ ಬಿಲ್ಲು ಹೋದದ್ದೇ ದೊಡ್ಡ ಪೆಟ್ಟಾಯಿತು, ಏಕೆಂದರೆ ಹೊಸದಾಗಿ ಅರ್ಜಿ ಹಾಕಲು ಕೈಯಲ್ಲಿ ದಾಖಲೆಯೇ ಉಳಿದಿರಲಿಲ್ಲ.

ಶಾಸಕರು ಕೊಡುವುದು ಶಿಫಾರಸು ಪತ್ರ. ಅದು ಮಂಜೂರಾತಿ ಆದೇಶವಲ್ಲ. ಅದಕ್ಕೆ ಶುಲ್ಕವೂ ಇಲ್ಲ. ಪರಿಹಾರ ನಿಧಿಯಿಂದ ಎಷ್ಟು ಕೊಡಬೇಕು, ಕೊಡಬೇಕೇ ಬೇಡವೇ ಎಂಬುದು ಮುಖ್ಯಮಂತ್ರಿಗಳ ವಿವೇಚನೆಗೆ ಬಿಟ್ಟದ್ದು. ಹಾಗಾಗಿ 'ಇಷ್ಟು ಲಕ್ಷ ಕೊಡಿಸ್ತೀನಿ' ಎಂದು ಯಾರಾದರೂ ಮೊತ್ತ ಹೇಳಿದರೆ ಅಲ್ಲಿಂದಲೇ ಎದ್ದು ಬನ್ನಿ. ಪತ್ರ ಬೇಕಿದ್ದರೆ ನೇರವಾಗಿ ಆಪ್ತ ಸಹಾಯಕರ ಮೇಜಿಗೆ ಹೋಗಿ, ಬಿಲ್ಲಿನ ಜೆರಾಕ್ಸ್ ತೋರಿಸಿ. ಮೂಲ ಬಿಲ್ಲು ನಿಮ್ಮ ಕೈಯಲ್ಲೇ ಇರಲಿ. ಪತ್ರದ ಮೇಲೆ ಸಂಖ್ಯೆ, ದಿನಾಂಕ, ಶಾಯಿಯ ಸಹಿ, ಮೊಹರು ಇವೆಯೇ ನೋಡಿ, ಅದೇ ಸಂಖ್ಯೆ ರವಾನೆ ಪುಸ್ತಕದಲ್ಲಿ ನಿಮ್ಮ ಹೆಸರಿನ ಮುಂದೆ ಬರೆದಿದೆಯೇ ಎಂದು ಅಲ್ಲೇ ಕೇಳಿ. ಕೇಳಲು ಸಂಕೋಚ ಬೇಡ, ಸರಿಯಾದ ಕಚೇರಿ ಇದನ್ನು ತೋರಿಸಲು ಹಿಂಜರಿಯುವುದಿಲ್ಲ. ಮೂಲ ದಾಖಲೆ ಸಲ್ಲಿಸಲೇಬೇಕಾದ ಕಡೆ ಮೊದಲು ಎಲ್ಲಾ ಪುಟಗಳ ಪ್ರತಿ ಮಾಡಿಸಿಟ್ಟುಕೊಂಡು, ಅರ್ಜಿಯ ನಕಲಿನ ಮೇಲೆ ಟಪಾಲು ವಿಭಾಗದ ಸ್ವೀಕೃತಿ ಮೊಹರು ಹಾಕಿಸಿಕೊಂಡೇ ಕೊಡಿ. ಖಾಲಿ ಹಾಳೆಗೆ ಸಹಿ ಮಾತ್ರ ಯಾವ ಕಾರಣಕ್ಕೂ ಹಾಕಬೇಡಿ.

ಈ ಪ್ರಕರಣದಲ್ಲಿ ನಿಜಕ್ಕೂ ಹೊಟ್ಟೆ ಉರಿಯುವ ಸಂಗತಿ ಬೇರೆಯೇ ಇದೆ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕುಟುಂಬಕ್ಕೂ ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಯೋಜನೆ ನಿಗದಿ ಮಾಡಿದ ದರ) ಶೇ. 30ರಷ್ಟು, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ ಸಿಗುತ್ತದೆ. ಆದರೆ ಇದು ಚಿಕಿತ್ಸೆಗೆ ಮೊದಲೇ ಅನುಮೋದನೆ ಪಡೆಯುವ ವ್ಯವಸ್ಥೆ. ಬಿಲ್ಲು ಕಟ್ಟಿ ಮನೆಗೆ ಬಂದ ಮೇಲೆ ಈ ಯೋಜನೆಯಡಿ ಹಣ ವಾಪಸ್ ಕೇಳಲು ದಾರಿ ಇಲ್ಲ. ರೋಗಿಯನ್ನು ದಾಖಲು ಮಾಡುವ ದಿನವೇ ಎರಡು ಪ್ರಶ್ನೆ ಕೇಳಬೇಕು: ಈ ಆಸ್ಪತ್ರೆ ಯೋಜನೆಯ ಪಟ್ಟಿಯಲ್ಲಿದೆಯೇ, ಇಲ್ಲಿನ ಆರೋಗ್ಯ ಮಿತ್ರರು (ಯೋಜನೆಯ ನೆರವು ಪಡೆಯಲು ರೋಗಿಗಳಿಗೆ ಸಹಾಯ ಮಾಡುವವರು) ಎಲ್ಲಿ ಕೂರುತ್ತಾರೆ. ತುರ್ತು ಅಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿ ಆ ಚಿಕಿತ್ಸೆ ಇಲ್ಲವೆಂದಾದರೆ ಅವರಿಂದ ರೆಫರಲ್ ಪತ್ರ ಪಡೆದು ಖಾಸಗಿ ಆಸ್ಪತ್ರೆಗೆ ಹೋಗಬೇಕು. ತುರ್ತು ಸ್ಥಿತಿಯಲ್ಲಿ ರೆಫರಲ್ ಇಲ್ಲದೆಯೂ ನೇರವಾಗಿ ದಾಖಲಾಗಬಹುದು. ಶಾಸಕರ ಕಚೇರಿಗೆ ಫೋನ್ ಮಾಡುವುದಿದ್ದರೆ ಈ ಹೊತ್ತಿನಲ್ಲೇ ಮಾಡಿ. ಹಾಸಿಗೆ ಇಲ್ಲ ಎಂದು ತಿರುಗಿಸಿ ಕಳಿಸುವಾಗ, ರೆಫರಲ್ ಬರೆಯಲು ಸತಾಯಿಸುವಾಗ ಅಲ್ಲಿಂದ ಹೋಗುವ ಒಂದು ಕರೆ, ಆಮೇಲೆ ಬರುವ ಹತ್ತು ಪತ್ರಗಳಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಇನ್ನು ಶಿಬಿರಗಳ ವಿಚಾರ. ಶಾಸಕರ ಫೋಟೋ ಇರುವ ಪೋಸ್ಟರು ವಾಟ್ಸಾಪ್ ಗುಂಪಿಗೆ ಬಂದ ಮಾತ್ರಕ್ಕೆ ಅದು ಸರ್ಕಾರಿ ಶಿಬಿರ ಆಗುವುದಿಲ್ಲ. ಆ ಫೋಟೋ ಯಾರು ಬೇಕಾದರೂ ಹಾಕಿಕೊಳ್ಳಬಹುದು. ನಿಜವಾದ ಜನಸ್ಪಂದನ ಸಭೆಯೋ ಪಿಂಚಣಿ ಅದಾಲತ್ತೋ ಆಗಿದ್ದರೆ ತಾಲ್ಲೂಕು ಕಚೇರಿಗೋ ಗ್ರಾಮ ಪಂಚಾಯಿತಿಗೋ ಗೊತ್ತಿರಲೇಬೇಕು, ಒಂದು ಸಲ ಕೇಳಿ ಖಚಿತಪಡಿಸಿಕೊಳ್ಳಿ. ಗೃಹಲಕ್ಷ್ಮಿಯ 2,000 ರೂಪಾಯಿ ನಿಂತಿದೆ, ಸರಿ ಮಾಡಿಕೊಡುತ್ತೇವೆ ಎಂದು ಹೆಬ್ಬೆಟ್ಟು ಒತ್ತಿಸಿಕೊಂಡು, ಅದೇ ಬೆರಳಚ್ಚಿನಿಂದ ಆಧಾರ್ ಆಧಾರಿತ ಪಾವತಿ ಯಂತ್ರದಲ್ಲಿ ಹಣ ತೆಗೆಯುವವರಿದ್ದಾರೆ. ಬೆರಳು ಇಡುವ ಮೊದಲು ಯಂತ್ರದ ಅಥವಾ ಮೊಬೈಲಿನ ಪರದೆಯಲ್ಲಿ ಏನು ತೆರೆದಿದೆ ಎಂದು ಓದಿಸಿ ಕೇಳಿ. 'ಸರಿಯಾಗಿ ಬರಲಿಲ್ಲ, ಇನ್ನೊಮ್ಮೆ ಒತ್ತಿ' ಎಂದರೆ ಮೊದಲನೆಯದು ಏನಾಯಿತು ಎಂದು ಕೇಳದೆ ಒತ್ತಬೇಡಿ. ಆಧಾರ್‌ನ ಅಧಿಕೃತ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿಟ್ಟು, ಬೇಕಾದಾಗ ಮಾತ್ರ ತೆರೆಯುವುದು ಒಳ್ಳೆಯದು. ಗೃಹಲಕ್ಷ್ಮಿ ಹಣ ನಿಲ್ಲುವುದಕ್ಕೆ ಸಾಮಾನ್ಯ ಕಾರಣ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ತಪ್ಪಿರುವುದು ಅಥವಾ ಇ-ಕೆವೈಸಿ ಬಾಕಿ ಇರುವುದು. ಇದು ಬ್ಯಾಂಕಿನಲ್ಲಿ, ನ್ಯಾಯಬೆಲೆ ಅಂಗಡಿಯಲ್ಲಿ ಸರಿಹೋಗುವ ಕೆಲಸ, ಇದಕ್ಕೆ ಯಾರ ವಶೀಲಿಯೂ ಬೇಡ.

ವೃದ್ಧಾಪ್ಯ ವೇತನ, ವಿಧವಾ ವೇತನ, ಜಾತಿ ಮತ್ತು ಆದಾಯ ಪ್ರಮಾಣಪತ್ರ ಇವೆಲ್ಲ ನಾಡಕಚೇರಿಯ ಕೆಲಸ, ಸರ್ಕಾರಿ ಸೇವೆಗಳನ್ನು ಗಡುವಿನೊಳಗೆ ಕೊಡಬೇಕೆನ್ನುವ ಸಕಾಲ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಅರ್ಜಿ ದಾಖಲಾದಾಗ 15 ಅಂಕಿಯ ಸಂಖ್ಯೆ ಸಿಗಬೇಕು. ಗಡುವು ಎಣಿಕೆಯಾಗುವುದು ಆ ಅರ್ಜಿ ದಾಖಲಾದ ದಿನದಿಂದ. ಶಾಸಕರ ಕೈಗೆ ಮನವಿ ಕೊಟ್ಟ ದಿನ ಲೆಕ್ಕಕ್ಕೆ ಬರುವುದಿಲ್ಲ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ಕೇಳುವ ಹಕ್ಕೂ ಇದೆ. ದಲ್ಲಾಳಿಯ ಹತ್ತಿರ 'ಅರ್ಜಿ ಸಂಖ್ಯೆ ಕೊಡಿ' ಎಂದು ಕೇಳಿ ನೋಡಿ, ಅಲ್ಲಿಗೇ ನಿಜ ಬಯಲಾಗುತ್ತದೆ.

ಕೆಲವು ಕಡೆ ಶಾಸಕರ ಮಾತಿಗೆ ನಿಜವಾಗಿಯೂ ತೂಕವಿದೆ, ಅದನ್ನೂ ಹೇಳಬೇಕು. ಗಂಗಾ ಕಲ್ಯಾಣ ಕೊಳವೆ ಬಾವಿಯ ಫಲಾನುಭವಿ ಆಯ್ಕೆ ಸಮಿತಿ, ಸರ್ಕಾರಿ ಜಮೀನಿನ ಸಾಗುವಳಿ ಸಕ್ರಮ ಮಾಡುವ ಬಗರ್ ಹುಕುಂ ಸಮಿತಿ, ಪಟ್ಟಣಗಳಲ್ಲಿ ಮನೆ, ನಿವೇಶನದ ಫಲಾನುಭವಿಗಳನ್ನು ಆರಿಸುವ ಆಶ್ರಯ ಸಮಿತಿ ಇವುಗಳಿಗೆ ಶಾಸಕರು ಅಧ್ಯಕ್ಷರಾಗಿರುತ್ತಾರೆ. ದಲ್ಲಾಳಿಗಳು ಹೆಚ್ಚು ಮುತ್ತುವುದೂ ಇಲ್ಲಿಗೇ. 'ಪಟ್ಟಿಯಲ್ಲಿ ಹೆಸರು ಸೇರಿಸಿದ್ದೇನೆ' ಎಂದು ಮೊಬೈಲಿನಲ್ಲಿ ತೋರಿಸುವ ಪಟ್ಟಿಗೆ ಬೆಲೆ ಇಲ್ಲ. ಬೆಲೆ ಇರುವುದು ಸಭೆಯ ನಡಾವಳಿಗೆ, ಅಂದರೆ ತೀರ್ಮಾನಗಳ ಲಿಖಿತ ದಾಖಲೆಗೆ. ಬಗರ್ ಹುಕುಂ ಆದರೆ ತಹಶೀಲ್ದಾರರೇ ಸಮಿತಿಯ ಸದಸ್ಯ ಕಾರ್ಯದರ್ಶಿ, ನಡಾವಳಿ ಅವರ ಕಚೇರಿಯಲ್ಲಿರುತ್ತದೆ. ಅಲ್ಲಿ ನಿಮ್ಮದು ಸಕ್ರಮದ ಅರ್ಜಿ ನಮೂನೆ 50, 53, 57ರಲ್ಲಿ ಯಾವುದು, ಯಾವ ಸರ್ವೆ ನಂಬರಿಗೆ ಎಂಬ ಮೂಲ ರಸೀದಿ ಇಲ್ಲದೆ ಯಾರ ಪ್ರಭಾವವೂ ನಡೆಯದು. ಗಂಗಾ ಕಲ್ಯಾಣ ಆದರೆ ಸಂಬಂಧಪಟ್ಟ ಅಭಿವೃದ್ಧಿ ನಿಗಮದ ಜಿಲ್ಲಾ ಕಚೇರಿಯಲ್ಲಿ ಕೇಳಿ. ಬಾಯಿಮಾತಿಗೆ ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ: ಶುಲ್ಕ 10 ರೂಪಾಯಿ, ಬಿಪಿಎಲ್‌ನವರಿಗೆ ಅದೂ ಇಲ್ಲ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ ಇರಬೇಕು. ಎರಡು ವಿಷಯ ಸೇರಿಸಿ ಬರೆದರೆ ಮೊದಲನೆಯದಕ್ಕೆ ಮಾತ್ರ ಉತ್ತರ ಕೊಟ್ಟು, ಇನ್ನೊಂದಕ್ಕೆ ಬೇರೆ ಅರ್ಜಿ ಹಾಕಿ ಎನ್ನಬಹುದು. ಉತ್ತರಕ್ಕೆ 30 ದಿನ ಗಡುವು.

ಈಗಾಗಲೇ ಹಣ ಕೊಟ್ಟಿದ್ದರೆ ಸುಮ್ಮನೆ ಕೂರಬೇಡಿ. ಕರೆಯ ದಾಖಲೆ, ವಾಟ್ಸಾಪ್ ಸಂದೇಶ, ಯುಪಿಐ ಪಾವತಿಯ ವಿವರ ಅಳಿಸದೆ ಇಟ್ಟುಕೊಳ್ಳಿ. ಹೆಬ್ಬೆಟ್ಟು ಅಥವಾ ಒಟಿಪಿಯಿಂದ ಖಾತೆಯ ಹಣ ಹೋಗಿದ್ದರೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಪ್ರತಿ ಗಂಟೆಯೂ ಮುಖ್ಯ. ಶಾಸಕರ ಕಚೇರಿಗೂ ಲಿಖಿತವಾಗಿ ತಿಳಿಸಿ ನಕಲಿನ ಮೇಲೆ ಸ್ವೀಕೃತಿ ಪಡೆಯಿರಿ, ಏಕೆಂದರೆ ಅವರ ಲೆಟರ್‌ಹೆಡ್ಡು ನಕಲಿಯಾಗಿದ್ದರೆ ಅವರೂ ದೂರು ಕೊಡಬೇಕಾದವರೇ. ವಂಚನೆಯ ದೂರನ್ನು ಯಾವ ಪೊಲೀಸ್ ಠಾಣೆಯಲ್ಲಾದರೂ ಕೊಡಬಹುದು. ದಾಖಲಿಸಿಕೊಳ್ಳದಿದ್ದರೆ ಅದೇ ದೂರನ್ನು ಅಂಚೆಯಲ್ಲಿ ಪೊಲೀಸ್ ವರಿಷ್ಠಾಧಿಕಾರಿಗೆ ಕಳಿಸಿ. ಕಳೆದುಹೋದ ಬಿಲ್ಲಿಗೆ ಆ ದೂರಿನ ಪ್ರತಿ ಲಗತ್ತಿಸಿ, ಆಸ್ಪತ್ರೆಯ ವೈದ್ಯಕೀಯ ದಾಖಲೆ ವಿಭಾಗದಲ್ಲಿ ಮೊಹರಿರುವ ನಕಲು ಪ್ರತಿ ಕೇಳಿ.

ಹಣ ಕೇಳಿದವರು ಸರ್ಕಾರಿ ನೌಕರರೇ ಆಗಿದ್ದರೆ ಲೋಕಾಯುಕ್ತ ಪೊಲೀಸರ ಬಳಿ ಹೋಗಿ. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ಆದ ತಿದ್ದುಪಡಿಯ ನಂತರ ಲಂಚ ಕೊಟ್ಟವರೂ ಅಪರಾಧಿಗಳೇ. ಒತ್ತಾಯಕ್ಕೆ ಸಿಕ್ಕಿ ಕೊಟ್ಟವರು 7 ದಿನದೊಳಗೆ ದೂರು ಕೊಟ್ಟರೆ ಮಾತ್ರ ಅವರಿಗೆ ರಕ್ಷಣೆ ಇದೆ. ಆದ್ದರಿಂದ ಊರ ಹಿರಿಯರ ಪಂಚಾಯಿತಿ, ರಾಜಿ ಮಾತುಕತೆ ಎಂದು ಆ ವಾರವನ್ನು ಕಳೆದುಕೊಳ್ಳಬೇಡಿ.