ಬ್ರಾತ್, ಫಿಲ್ಟರ್, ಇಲ್ಲಾ ಅಗಾರ್ ಮೇಲೊಂದು ಹನಿ: ಮೂರೂ ಮಾಡಿ ನೋಡ್ದೆ

ಹಾಸನದ ನಮ್ಮ ಕಾಲೇಜ್ ಲ್ಯಾಬಲ್ಲಿ ಕಾಂಜುಗೇಶನ್ (ಒಂದು ಬ್ಯಾಕ್ಟೀರಿಯಾ ಇನ್ನೊಂದಕ್ಕೆ ಅಂಟ್ಕೊಂಡು ಡಿಎನ್‌ಎ ದಾಟಿಸೋದು) ಪ್ರಾಕ್ಟಿಕಲ್ ಶುರು ಮಾಡೋಕೆ ಮುಂಚೆ, ಹುಡುಗರ ಮುಂದೆ ಮರ್ಯಾದೆ ಹೋಗ್ಬಾರ್ದು ಅಂತ ಮೂರು ವಿಧಾನಾನೂ ನಾನೇ ಮಾಡಿ ನೋಡ್ದೆ.

ಬ್ರಾತ್, ಅಂದ್ರೆ ಬ್ಯಾಕ್ಟೀರಿಯಾ ಬೆಳೆಸೋ ದ್ರವ, ಅಗ್ಗ. ಡೋನರ್ (ಡಿಎನ್‌ಎ ಕೊಡೋದು), ರೆಸಿಪಿಯೆಂಟ್ (ಪಡೆಯೋದು) ಎರಡು ಇ. ಕೋಲೈ ಬ್ಯಾಕ್ಟೀರಿಯಾನೂ ಒಂದೇ ಟ್ಯೂಬಿಗೆ ಹಾಕಿ 37 ಡಿಗ್ರಿಲಿ ಒಂದು ಗಂಟೆ ಸುಮ್ನೆ ಬಿಡೋದು. ಆ ಸುಮ್ನೆ ಬಿಡೋದೇ ನನ್ ಕೈಲಿ ಆಗ್ಲಿಲ್ಲ, ಅಭ್ಯಾಸಬಲಕ್ಕೆ ಶೇಕರಲ್ಲಿ ಜೋರಾಗಿ ತಿರುಗ್ಸಿಬಿಟ್ಟೆ, ಡಿಎನ್‌ಎ ಪಡೆದವು ಮಾತ್ರ ಬೆಳೆಯೋ ಆಂಟಿಬಯಾಟಿಕ್ ಪ್ಲೇಟಲ್ಲಿ ನಾಲ್ಕೇ ಕಾಲೊನಿ (ಬ್ಯಾಕ್ಟೀರಿಯಾ ಗುಂಪು) ಬಂತು. 1950ರ ದಶಕದಲ್ಲಿ ಪ್ಯಾರಿಸ್ಸಲ್ಲಿ ವೋಲ್ಮನ್, ಜಾಕೋಬ್ ಅನ್ನೋ ವಿಜ್ಞಾನಿಗಳು ಬ್ಯಾಕ್ಟೀರಿಯಾ ಜೋಡಿ ಬಿಡಿಸೋಕೆ ಅಂತ್ಲೇ ಮಿಕ್ಸಿಗೆ ಹಾಕ್ತಿದ್ರು, ನಾನು ಅದನ್ನೇ ಬೇಡದೆ ಇರೋ ಕಡೆ ಮಾಡಿದ್ದೆ. ಎರಡನೇ ಸಲ ಟ್ಯೂಬ್ ಮುಟ್ಲೇ ಇಲ್ಲ, ಎಫ್ ಪ್ಲಾಸ್ಮಿಡ್ (ಪ್ಲಾಸ್ಮಿಡ್ ಅಂದ್ರೆ ದಾಟೋ ಪುಟ್ಟ ಡಿಎನ್‌ಎ ಉಂಗುರ) ಚೆನ್ನಾಗೇ ದಾಟ್ತು. ಅದರ ಪೈಲಸ್, ಅಂದ್ರೆ ಬ್ಯಾಕ್ಟೀರಿಯಾ ಮೈಮೇಲಿನ ಕೂದಲಂಥ ಎಳೆ, ಉದ್ದ, ಬಳ್ಳಿ ಥರ ಬಳುಕುತ್ತೆ, ನೀರಲ್ಲೂ ಇನ್ನೊಂದನ್ನ ಹಿಡಿದು ಹತ್ರ ಎಳ್ಕೊಳ್ಳುತ್ತೆ. ಆಮೇಲೆ ಡಿಎನ್‌ಎದ ಒಂದೇ ಎಳೆ ಆಚೆ ಹೋಗೋದು, ಜೊತೆ ಎಳೆ ಎರಡೂ ಕಡೆ ಹೊಸದಾಗಿ ಆಗುತ್ತೆ, ಪಕ್ಕದ್ಮನೆಗೆ ಹೆಪ್ಪಿಗೆ ಮೊಸರು ಕೊಟ್ಟಂಗೆ, ಕೊಟ್ಟವರ ಮನೇಲೂ ಇದ್ದೇ ಇರುತ್ತೆ.

ಅದೇ ಥರ ಟ್ಯೂಬಲ್ಲಿ ಆರ್‌ಪಿ4 ಅನ್ನೋ ಇನ್ನೊಂದು ಪ್ಲಾಸ್ಮಿಡ್ ಇರೋ ಡೋನರ್ ಹಾಕಿದ್ರೆ ಹೆಚ್ಚುಕಮ್ಮಿ ಸೊನ್ನೆ. ಇದರ ಪೈಲಸ್ ಗಿಡ್ಡ, ಬಿರುಸು, ಬ್ಯಾಕ್ಟೀರಿಯಾ ಮೊದಲೇ ಒಂದಕ್ಕೊಂದು ಒತ್ಕೊಂಡು ಕೂತಿರ್ಬೇಕು. ಅದಕ್ಕೇ ಫಿಲ್ಟರ್: 0.45 ಮೈಕ್ರಾನ್ ಮೆಂಬ್ರೇನ್ ಮೇಲೆ ಮಿಶ್ರಣ ಸೋಸಿ, ಆ ಮೆಂಬ್ರೇನನ್ನೇ ಅಗಾರ್ (ಪ್ಲೇಟಲ್ಲಿರೋ ಗಟ್ಟಿ ಜೆಲ್ಲಿ) ಮೇಲೆ ಇಡೋದು. ರಿಸಲ್ಟ್ ಎಣಿಸೋಕಾಗ್ದಷ್ಟು, ಸಾವಿರ ಪಟ್ಟು ತೆಳು ಮಾಡ್ಬೇಕಾಯ್ತು. ಆದ್ರೆ ವ್ಯಾಕ್ಯೂಮ್ ಪಂಪ್ ಬೇಕು, ಮಧ್ಯದಲ್ಲಿ ಕರೆಂಟ್ ಹೋದ್ರೆ ಕೈ ಕಟ್ಕೊಂಡು ನಿಲ್ಲೋದು, ಮೆಂಬ್ರೇನ್ ರೇಟಂತೂ ಕೇಳ್ಬೇಡಿ.

ಮೂರನೇದು ಬಡವರ ಫಿಲ್ಟರ್. ಎರಡೂ ಕಲ್ಚರ್ ಸೇರ್ಸಿ, ಸೆಂಟ್ರಿಫ್ಯೂಜ್ ಮಾಡಿ ಗಟ್ಟಿ ಮಾಡ್ಕೊಂಡು 20 ಮೈಕ್ರೊಲೀಟರ್ ಹನಿ ಅಗಾರ್ ಮೇಲೆ ಬಿಡೋದು. ಆರ್‌ಪಿ4 ಫಿಲ್ಟರಿಗೆ ಹತ್ತತ್ರ ಬಂತು. ತೊಂದ್ರೆ ಅಂದ್ರೆ ಜುಲೈ ಸೋನೆ ಮಳೇಲಿ ಪ್ಲೇಟ್ ಒಣಗೋದೇ ಇಲ್ಲ, ಹನಿ ಜಾರಿ ಅಂಚಿಗೆ ಹೋಗುತ್ತೆ, ಹಿಂದಿನ ದಿನಾನೇ ಪ್ಲೇಟ್ ಒಣಗ್ಸಿ ಇಟ್ಕೊಳ್ಳಿ.

ಇನ್ನೊಂದು ಮಾತು, ಆಂಪಿಸಿಲಿನ್ ಅನ್ನೋ ಆಂಟಿಬಯಾಟಿಕ್ ಇರೋ ಪ್ಲೇಟಲ್ಲಿ ದೊಡ್ಡ ಕಾಲೊನಿ ಸುತ್ತ ರವೆ ಚೆಲ್ಲಿದಂಗೆ ಸಣ್ಣ ಸಣ್ಣ ಕಾಲೊನಿ ಬರುತ್ತೆ. ಮೊದ್ಲು ನಾನು ಖುಷಿಯಾಗಿ ಅವನ್ನೂ ಎಣಿಸ್ದೆ. ಅವು ಜೀನ್ ಪಡೆದವಲ್ಲ, ಪಕ್ಕದ ದೊಡ್ಡದು ಆಂಪಿಸಿಲಿನ್ ಒಡೆದು ಹಾಕಿದ ಜಾಗದಲ್ಲಿ ಪುಕ್ಕಟೆ ಬೆಳೆದವು. ಟೆಟ್ರಾಸೈಕ್ಲಿನ್ ಅನ್ನೋ ಬೇರೆ ಆಂಟಿಬಯಾಟಿಕ್‌ಗೆ ಬದಲಾಯಿಸ್ದೆ, ಆ ಕಾಟ ತಪ್ತು.

ಹುಡುಗರಿಗೀಗ ಹನೀನೇ ಮಾಡಿಸ್ತೀನಿ. ಮೆಂಬ್ರೇನ್ ಡಬ್ಬ ಬೀರುವಲ್ಲಿದೆ, ಏಳು ಉಳಿದಿವೆ, ಕೀಲಿ ನನ್ ಹತ್ರ.