ಓಡುವವರ ಜೇಬಿಗೊಂದು 10ಎಕ್ಸ್ ಭೂತಗನ್ನಡಿ: ಎರಡು ಮಳೆಗಾಲ ಬಳಸಿದ ಮೇಲೆ

ರೇಟಿಂಗ್: 5ಕ್ಕೆ 4

ಇದು ಓಟದ ವೇಗ ಹೆಚ್ಚಿಸುವ ಸಾಮಾನಲ್ಲ, ಕೆಡಿಸುವ ಸಾಮಾನು. ಟೈಮಿಂಗ್ ಬಗ್ಗೆ ತಲೆಕೆಡಿಸಿಕೊಳ್ಳುವವರು ಇಲ್ಲೇ ಓದು ನಿಲ್ಲಿಸಬಹುದು. ಓಡುವ ದಾರಿಯ ಪುಟ್ಟ ಹೂಗಳನ್ನು ಹತ್ತು ಪಟ್ಟು (ಅದೇ 10ಎಕ್ಸ್) ದೊಡ್ಡದಾಗಿ ತೋರಿಸುವ, ಮಡಚಿದರೆ ಹೆಬ್ಬೆರಳಿನಷ್ಟಾಗುವ, ಲೋಹದ ಕವಚವಿರುವ ಭೂತಗನ್ನಡಿ ಇದು. ಶಾರ್ಟ್ಸ್ ಜೇಬಿನಲ್ಲಿ ಇದ್ದದ್ದೇ ಗೊತ್ತಾಗುವುದಿಲ್ಲ.

ಗಿಡದ ಹೆಸರು ಹೇಳಲು ಫೋನಿನಲ್ಲಿ ಆ್ಯಪ್ ಇದೆಯಲ್ಲ, ಇದೇಕೆ ಅಂತೀರಾ? ಆ್ಯಪ್ ಹೆಸರು ಹೇಳುತ್ತದೆ, ಅಷ್ಟರಲ್ಲಿ ನಮ್ಮ ಕುತೂಹಲವೂ ಮುಗಿದುಹೋಗುತ್ತದೆ. ಲೆನ್ಸ್ ಹಿಡಿದರೆ ಕುತೂಹಲ ಶುರುವಾಗುವುದೇ ಆಗ. ದಾರಿ ಪಕ್ಕದ ತುಂಬೆ ಹೂವನ್ನೇ ನೋಡಿ. ಬರಿಗಣ್ಣಿಗೆ ಸುಮ್ನೆ ಒಂದು ಬಿಳಿ ಚುಕ್ಕೆ. ಲೆನ್ಸಿನಲ್ಲಿ ಅದಕ್ಕೆ ಎರಡು ತುಟಿ. ಕೆಳಗಿನದು ಅಗಲವಾಗಿ ಚಾಚಿಕೊಂಡಿರುತ್ತದೆ. ಮೇಲಿನದು ಬಿಳಿ ರೋಮ ತುಂಬಿದ ಪುಟ್ಟ ಕುಲಾವಿಯಂತೆ ಕೇಸರಗಳ ಮೇಲೆ ಬಾಗಿರುತ್ತದೆ. ಟ್ರೈಡಾಕ್ಸ್ ಅನ್ನುವ ದಾರಿಬದಿಯ ಕಳೆಗಿಡದ ಹೂ ಇನ್ನೂ ಮಜಾ. ಒಂದು ಹೂವು ಅಂದುಕೊಂಡದ್ದು ಹೂಗಳ ಗುಂಪು! ನಡುವಿನ ಹಳದಿಯಲ್ಲಿ ಒಂದೊಂದೂ ಐದು ಸೀಳಿನ ಪುಟ್ಟ ಕೊಳವೆ ಹೂ. ಸುತ್ತಲಿನ ಎಸಳುಗಳೂ ಬೇರೆ ಬೇರೆ ಹೂಗಳೇ, ತುದಿಯಲ್ಲಿ ಮೂರು ಹಲ್ಲು. ಕಾಲುಚೀಲಕ್ಕೆ ಅಂಟುವ ಉತ್ತರಾಣಿಯನ್ನೂ ಬೈದು ಕಿತ್ತೆಸೆಯುವ ಮೊದಲು ಒಮ್ಮೆ ನೋಡಿ, ಹಿಡಿದುಕೊಳ್ಳುವ ಮುಳ್ಳುಗಳು ಕಾಣುತ್ತವೆ.

ಲೆನ್ಸನ್ನು ಕಣ್ಣಿಗೆ ಹತ್ತಿರ ಹಿಡಿದು, ಹೂವನ್ನು ಅದರ ಹತ್ತಿರ ತರಬೇಕು. ತುಂಬಾ ಜನ ಉಲ್ಟಾ ಮಾಡುತ್ತಾರೆ. ಲೆನ್ಸ್ ಹಿಡಿದ ಕೈ ಕೆನ್ನೆಗೆ ಒತ್ತಿರಲಿ. ಸೂರ್ಯನ ಕಡೆಗಂತೂ ಹಿಡಿಯಲೇಬೇಡಿ. ಹೋಗುವಾಗ ಓಡಿ, ಬರುವಾಗ ನಡೆದುಕೊಂಡು ಹೂ ನೋಡುವುದು ನನಗೆ ಒಗ್ಗಿದ ಕ್ರಮ. ಫೋನ್ ಕ್ಯಾಮೆರಾದ ಮುಂದೆ ಇದನ್ನೇ ಇಟ್ಟರೆ ಫೋಟೋ ಕೂಡ ಪರವಾಗಿಲ್ಲ, ಚೆನ್ನಾಗೇ ಬರುತ್ತದೆ.

20ಎಕ್ಸ್, 30ಎಕ್ಸ್ ಅಂತ ಬರೆದದ್ದು ನೋಡಿ ಆಸೆಪಡಬೇಡಿ. ಶಕ್ತಿ ಹೆಚ್ಚಿದಷ್ಟೂ ಕಾಣುವ ಜಾಗ ಕಿರಿದು. 10ಎಕ್ಸ್‌ನಲ್ಲಿ ಹೂವು ಸುಮಾರು 2.5 ಸೆಂ.ಮೀ. ದೂರದಲ್ಲಿರಬೇಕು, 20ರಲ್ಲಿ ಅದರ ಅರ್ಧ. ಏದುಸಿರು ಬಿಡುತ್ತಾ ಅಷ್ಟು ಹತ್ತಿರ ಫೋಕಸ್ ಹಿಡಿಯುವುದು ಕಷ್ಟ ಅಲ್ವಾ? ಮೂರು ಗಾಜು ಜೋಡಿಸಿದ ಟ್ರಿಪ್ಲೆಟ್ ಸಿಕ್ಕರೆ ಅದನ್ನೇ ತಗೊಳ್ಳಿ. ಅಗ್ಗದ ಒಂಟಿ ಗಾಜಿನಲ್ಲಿ ಅಂಚಿಗೆ ಬಣ್ಣದ ಗೆರೆ ಬರುತ್ತದೆ, ಸಣ್ಣ ಹೂವಿನ ನಿಜವಾದ ಬಣ್ಣವೇ ಗೊತ್ತಾಗುವುದಿಲ್ಲ.

ಬೆವರಿಗೆ ಗಾಜು ಮಬ್ಬಾಗುತ್ತದೆ. ಮೊದಲು ಧೂಳು ಊದಿ, ಆಮೇಲೆ ಮೆತ್ತನೆ ಬಟ್ಟೆಯಲ್ಲಿ ಒರೆಸಿ. ಧೂಳಿನ ಮೇಲೇ ಉಜ್ಜಿದರೆ ಗೀರು ಗ್ಯಾರಂಟಿ. ಒಂದು ಸ್ಟಾರ್ ಕಡಿಮೆ ಕೊಟ್ಟದ್ದು ಮಡಚುವ ಕೀಲಿಗಾಗಿ. ಓಟದ ಕುಲುಕಾಟಕ್ಕೆ ಸಡಿಲವಾಗಿ ಲೆನ್ಸ್ ತಾನಾಗಿಯೇ ತೆರೆದುಕೊಳ್ಳುತ್ತಿತ್ತು. ನನ್ನದರಲ್ಲಿ ಸ್ಕ್ರೂ ಇದ್ದದ್ದರಿಂದ ಬಿಗಿ ಮಾಡಿಕೊಂಡೆ. ರಿವೆಟ್ ಹೊಡೆದದ್ದಾದರೆ ಅದೂ ಆಗುವುದಿಲ್ಲ, ಕೊಳ್ಳುವಾಗ ನೋಡಿಕೊಳ್ಳಿ.